ಮನೆಯಲ್ಲಿ ಸಾವಾದ ಮೇಲೆ ಶಾಲೆಗೆ ಮರಳುವ ಮಕ್ಕಳು

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಯಾದಗಿರಿ ಜಿಲ್ಲೆ ಶೇ 50.59ರಷ್ಟು ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನಕ್ಕೆ ಇಳಿದಿತ್ತು. 2025ರಲ್ಲಿ ಆ ಸ್ಥಾನಕ್ಕೆ ಕಲಬುರಗಿ ಬಂತು. ಫಲಿತಾಂಶ ಶೇ 42.43. ಎರಡೂ ವರ್ಷ ಶಿಕ್ಷಕರ ಕೊರತೆ, ಗುಳೆ, ಬಡತನಗಳ ಸುತ್ತ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ತರಗತಿಗಳಲ್ಲಿ ಅಪ್ಪನನ್ನೋ ಅವ್ವನನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡು ಕುಳಿತಿರುವ ಹದಿಮೂರರಿಂದ ಹದಿನೇಳರ ವಯಸ್ಸಿನ ಮಕ್ಕಳ ಬಗ್ಗೆ ಮಾತು ಬರುವುದು ಅಪರೂಪ. ಫಲಿತಾಂಶ ಕುಸಿಯಲು ಅವರೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅವರ ದುಃಖ ನಮ್ಮ ಶಾಲೆಗಳಲ್ಲಿ ದುಃಖವಾಗಿ ದಾಖಲಾಗುವುದೇ ಇಲ್ಲ ಎಂಬುದು ನನ್ನ ಮಾತು. ಹಾಜರಿ ಪುಸ್ತಕದಲ್ಲಿ ಅದು ಸತತ ಗೈರು ಎಂದಾಗುತ್ತದೆ, ಶಿಕ್ಷಕರ ಕೊಠಡಿಯಲ್ಲಿ ಓದಿನ ಕಡೆ ಲಕ್ಷ್ಯವಿಲ್ಲ ಎಂಬ ದೂರಾಗುತ್ತದೆ, ಕೊನೆಗೆ ಶಾಲೆ ಬಿಟ್ಟವರ ಪಟ್ಟಿಯಲ್ಲಿ ಒಂದು ಹೆಸರಾಗಿ ಉಳಿಯುತ್ತದೆ.

ಈ ಭಾಗದಲ್ಲಿ ಮಕ್ಕಳು ಕಾಣುವ ಸಾವುಗಳಲ್ಲಿ ಹಲವು ಹಠಾತ್ತನೆ ಬರುವಂಥವು. ತೊಗರಿ ಕೈಕೊಟ್ಟ ವರ್ಷ ಸಾಲದ ಒತ್ತಡದಲ್ಲಿ ಆಗುವ ಆತ್ಮಹತ್ಯೆ, ಹೊಲದಲ್ಲಿ ಹಾವು ಕಚ್ಚುವುದು, ಸಿಡಿಲು, ಬೈಕ್ ಅಪಘಾತ, ಬೆಂಗಳೂರು, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸದಲ್ಲಿ ಆಗುವ ಅವಘಡ, ಇವು ಯಾವುವೂ ಮಗುವಿಗೆ ಮುನ್ಸೂಚನೆ ಕೊಡುವುದಿಲ್ಲ. ಗುಳೆ ಹೋದ ತಂದೆಯ ಸಾವು ಇನ್ನೂ ಕಠಿಣ. ಮಗು ಅಜ್ಜ-ಅಜ್ಜಿಯ ಜೊತೆ ಊರಲ್ಲಿ ಅಥವಾ ಹಾಸ್ಟೆಲಿನಲ್ಲಿ ಇರುತ್ತದೆ. ಮೊದಲು ಬರುವುದು ಫೋನು, ಆಮೇಲೆ ಆಂಬುಲೆನ್ಸು. ದೇಶದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು 2020ರ ಮಾರ್ಚ್ 10ರದ್ದು, ಅದು ದಾಖಲಾದದ್ದು ಕಲಬುರಗಿಯಲ್ಲೇ. ಮುಖ ನೋಡಲೂ ಬಿಡದ ಅಂತ್ಯಸಂಸ್ಕಾರ ಮನೆಯವರ ಮೇಲೆ ಏನು ಮಾಡುತ್ತದೆ ಎಂಬುದನ್ನು ಮುಂದಿನ ಎರಡು ವರ್ಷಗಳಲ್ಲಿ ಎಲ್ಲರೂ ಕಂಡರು. ಆಗ ಆರೇಳು ವರ್ಷದವರಾಗಿದ್ದವರು ಈಗ ಹದಿಹರೆಯಕ್ಕೆ ಕಾಲಿಟ್ಟಿದ್ದಾರೆ. ಆಗ ಅರ್ಥವಾಗದೆ ಉಳಿದದ್ದನ್ನು ಈಗ ಮೊದಲಿನಿಂದ ಕೇಳಿಕೊಳ್ಳುತ್ತಿದ್ದಾರೆ.

ಹದಿಹರೆಯದವರ ದುಃಖ ಚಿಕ್ಕ ಮಕ್ಕಳ ದುಃಖದ ಹಾಗೂ ಇರುವುದಿಲ್ಲ, ದೊಡ್ಡವರ ದುಃಖದ ಹಾಗೂ ಇರುವುದಿಲ್ಲ. ಐದಾರು ವರ್ಷದ ಮಗುವಿಗೆ ಸತ್ತವರು ಮರಳುವುದಿಲ್ಲ ಎಂಬುದನ್ನೇ ಪೂರ್ತಿ ಗ್ರಹಿಸಲು ಕಷ್ಟ. ಹದಿನಾಲ್ಕರ ಹುಡುಗನಿಗೆ ಅದು ಚೆನ್ನಾಗಿ ಗೊತ್ತು. ಸಾವು ತನ್ನ ಮುಂದಿನ ಇಪ್ಪತ್ತು ವರ್ಷಕ್ಕೆ ಏನು ಮಾಡಿತು ಎಂಬ ಲೆಕ್ಕವೂ ಅವನ ತಲೆಯಲ್ಲಿ ಓಡುತ್ತಿರುತ್ತದೆ. ಆದರೆ ಅಷ್ಟು ದೊಡ್ಡ ತಿಳಿವಳಿಕೆಯನ್ನು ಹೊರುವ ಶಕ್ತಿ, ಅದನ್ನು ಮಾತಿಗೆ ತರುವ ಅಭ್ಯಾಸ ಇನ್ನೂ ಬೆಳೆದಿರುವುದಿಲ್ಲ. ಜೊತೆಗೆ ಓರಗೆಯವರಿಗಿಂತ ಬೇರೆಯಾಗಿ ಕಾಣಬಾರದು ಎಂಬ ಆಸೆ ಈ ವಯಸ್ಸಿನಲ್ಲಿ ಬಲವಾಗಿರುತ್ತದೆ. ತರಗತಿಯ ಎಲ್ಲರೆದುರು ‘ಅಯ್ಯೋ ಪಾಪ’ ಎನ್ನಿಸಿಕೊಳ್ಳುವುದಕ್ಕಿಂತ ಪೆಟ್ಟು ತಿನ್ನುವುದೇ ಮೇಲು ಎಂದು ಅನೇಕ ಹುಡುಗರಿಗೆ ಅನ್ನಿಸುತ್ತದೆ. ಹೀಗಾಗಿ ಅವರು ಅಳುವುದಿಲ್ಲ. ಜಗಳವಾಡುತ್ತಾರೆ, ಶಾಲೆ ತಪ್ಪಿಸುತ್ತಾರೆ, ತಲೆನೋವು ಹೊಟ್ಟೆನೋವು ಎಂದು ಮಲಗುತ್ತಾರೆ, ರಾತ್ರಿಯಿಡೀ ಮೊಬೈಲ್ ನೋಡಿ ಬೆಳಿಗ್ಗೆ ಮೊದಲ ಅವಧಿಯಲ್ಲಿ ನಿದ್ದೆ ಮಾಡುತ್ತಾರೆ. ಒಳಗೆ ಇನ್ನೊಂದು ಇರುತ್ತದೆ, ಅದು ತಪ್ಪಿತಸ್ಥ ಭಾವ: ಕೊನೆಯ ಸಲ ಅಪ್ಪನೊಡನೆ ಆದ ಜಗಳ, ಎತ್ತದೇ ಬಿಟ್ಟ ಫೋನು, ಕೊಡದೇ ಹೋದ ನೀರು. ಕೇಳುವವರು ಸಿಗುವ ತನಕ ಇದು ಹೊರಗೆ ಬರುವುದಿಲ್ಲ.

ಶಿಕ್ಷಕರು ಎಡವುವುದು ಬಹಳ ಸಲ ಒಂದು ಸಹಜವಾದ ತಪ್ಪು ಓದಿನಲ್ಲಿ. ತಾಯಿ ತೀರಿ ಹತ್ತೇ ದಿನಕ್ಕೆ ಮೈದಾನದಲ್ಲಿ ಕಬಡ್ಡಿ ಆಡುತ್ತ ನಗುವ ಹುಡುಗಿಯನ್ನು ಕಂಡು, ‘ಇವಳು ಸುಧಾರಿಸಿಕೊಂಡಳು’ ಎಂದುಕೊಳ್ಳುತ್ತಾರೆ. ಅದೇ ಹುಡುಗಿ ನಾಲ್ಕು ತಿಂಗಳ ನಂತರ ಕಿರುಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟರೆ ಸೋಮಾರಿತನ ಎನ್ನುತ್ತಾರೆ. 1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು ಮಂಡಿಸಿದ ಮಾದರಿ ಇದನ್ನು ಚೆನ್ನಾಗಿ ವಿವರಿಸುತ್ತದೆ. ದುಃಖದಲ್ಲಿರುವವರು ಒಮ್ಮೆ ನಷ್ಟದ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ತೂಗಾಡುತ್ತಿರುತ್ತಾರೆ. ಆ ತೂಗಾಟವೇ ಚೇತರಿಕೆಯ ಸಹಜ ರೀತಿ. ಮಕ್ಕಳಲ್ಲಿ ಈ ಹೋಗಿಬರುವಿಕೆ ಇನ್ನೂ ವೇಗವಾಗಿರುತ್ತದೆ. ಆಟದ ನಗುವಾಗಲಿ ಖಾಲಿ ಹಾಳೆಯಾಗಲಿ ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

ಕಾಲದ ವಿಷಯದಲ್ಲಿ ನಮ್ಮ ಲೆಕ್ಕ ಇನ್ನೂ ಹೆಚ್ಚು ತಪ್ಪಿದೆ. ಮಣ್ಣು ಮುಗಿದ ಮೇಲೆ ಮೂರನೇ ದಿನ, ಹನ್ನೊಂದು ಅಥವಾ ಹದಿಮೂರನೇ ದಿನದ ಕಾರ್ಯ, ಮುಸ್ಲಿಂ ಮನೆಗಳಲ್ಲಿ ನಲವತ್ತನೇ ದಿನದ ಪ್ರಾರ್ಥನೆ, ಹೀಗೆ ಸಮಾಜ ದುಃಖಕ್ಕೆ ಒಂದು ಕ್ಯಾಲೆಂಡರ್ ಕೊಟ್ಟಿದೆ. ಅದು ಬೆಲೆಯುಳ್ಳದ್ದು, ನೆಂಟರು, ನೆರೆಯವರು ಮನೆ ತುಂಬಿ ಮಾತಾಡಿಸಲು ಬರುವ ಆ ದಿನಗಳು ಮಗುವನ್ನೂ ಹಿಡಿದು ನಿಲ್ಲಿಸುತ್ತವೆ. ಆದರೆ ಕೊನೆಯ ಊಟವಾದ ಮೇಲೆ ಎಲ್ಲರೂ ಹೊರಟುಹೋಗುತ್ತಾರೆ. ಅಮೆರಿಕದಲ್ಲಿ ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡನ್ ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 125 ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ, ಆ ಮಕ್ಕಳಿಗೂ ಉಳಿದ ಮಕ್ಕಳಿಗೂ ನಡುವಿನ ಅಂತರ ಮೊದಲ ವರ್ಷಕ್ಕಿಂತ ಎರಡನೇ ವರ್ಷದ ಕೊನೆಗೆ ಸ್ಪಷ್ಟವಾಗಿ ಕಂಡಿತು. ಬದುಕುಳಿದ ಪೋಷಕರು ಎಷ್ಟು ಸ್ಥಿರವಾಗಿದ್ದಾರೆ, ಮನೆಯ ದಿನಚರಿ ಎಷ್ಟು ಉಳಿದಿದೆ ಎಂಬುದು ಮಗುವಿನ ಸ್ಥಿತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು. ಎಂಟನೇ ತರಗತಿಯ ಬೇಸಿಗೆಯಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ, ಅಂದರೆ ಎಲ್ಲರೂ ಮರೆತ ಮೇಲೆ, ಅವನಿಗೆ ನೆರವು ಹೆಚ್ಚು ಬೇಕಾಗಬಹುದು.

ಇಷ್ಟಾದರೂ ದುಃಖವನ್ನು ಕಾಯಿಲೆ ಎಂದು ಕರೆಯಬಾರದು. ಹೆಚ್ಚಿನ ಮಕ್ಕಳು ಮನೆಯ ಅಕ್ಕರೆ, ಗೆಳೆಯರು, ಶಾಲೆಯ ದಿನಚರಿ ಇವುಗಳ ಬಲದಿಂದಲೇ ಮೇಲೆ ಬರುತ್ತಾರೆ. ತೀವ್ರ ಹಂಬಲ ಕನಿಷ್ಠ ಆರು ತಿಂಗಳು ಕಳೆದರೂ ತಗ್ಗದೆ ದಿನನಿತ್ಯದ ಬದುಕನ್ನೇ ತಡೆದರೆ ಮಾತ್ರ ಅದನ್ನು ದೀರ್ಘಕಾಲೀನ ದುಃಖದ ಅಸ್ವಸ್ಥತೆ ಎಂದು ಪರಿಗಣಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿ ಇದನ್ನು ಸೇರಿಸಿದೆ. 2022ರ ಅಮೆರಿಕನ್ ಮನೋವೈದ್ಯಕೀಯ ಕೈಪಿಡಿ ವಯಸ್ಕರಿಗೆ ಹನ್ನೆರಡು ತಿಂಗಳು, ಮಕ್ಕಳು ಮತ್ತು ಹದಿಹರೆಯದವರಿಗೆ ಆರು ತಿಂಗಳು ಎಂದು ಗಡಿ ಹಾಕಿದೆ. ಅಂಥವರಿಗೆ ಮನೋವೈದ್ಯರು ಬೇಕು. ಉಳಿದವರಿಗೆ ಬೇಕಾದದ್ದು ತಿಳಿವಳಿಕೆಯಿಂದ ನಡೆದುಕೊಳ್ಳುವ ಶಾಲೆ, ಬೇಕೆನಿಸಿದಾಗ ಕುಳಿತು ಮಾತಾಡಬಹುದಾದ ಒಬ್ಬ ಆಪ್ತ ಸಮಾಲೋಚಕರು.

ನಮ್ಮ ಕಡೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಾವು ಬೇರೆ ಬೇರೆ ಹೊರೆ ಹೊರಿಸುತ್ತದೆ. ಮಣ್ಣಿನ ದಿನವೇ ಹುಡುಗನ ಹೆಗಲ ಮೇಲೆ ಕೈಯಿಟ್ಟು ಹಿರಿಯರು ಹೇಳುವ ಮಾತು, ‘ಅಳಬ್ಯಾಡ, ಇನ್ನ ಮನಿಗಿ ನೀನೇ ದೊಡ್ಡಾಂವ.’ ಧೈರ್ಯ ತುಂಬಲು ಹೇಳಿದ್ದೇ ಆದರೂ ಹದಿನೈದರ ಹುಡುಗ ಅದನ್ನು ಆಜ್ಞೆಯೆಂದು ಕೇಳುತ್ತಾನೆ. ಶಾಲೆ ಬಿಟ್ಟು ಗ್ಯಾರೇಜಿಗೋ ಗೌಂಡಿ ಕೆಲಸಕ್ಕೋ ಹೋಗುವ ನಿರ್ಧಾರ ಅವನ ಮನಸ್ಸಿನಲ್ಲಿ ಅಂದೇ ಆಗಿಬಿಟ್ಟಿರಬಹುದು. ಪತಿಯನ್ನು ಕಳೆದುಕೊಂಡ ಮುಸ್ಲಿಂ ಮಹಿಳೆ ಶೋಕಾವಧಿಯಾದ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವಾಗ ಬ್ಯಾಂಕು, ರೇಷನ್ ಅಂಗಡಿ, ತಹಶೀಲ್ದಾರ್ ಕಚೇರಿಯ ಓಡಾಟವೆಲ್ಲ ಹಿರಿಯ ಮಗನ ಪಾಲಿಗೆ ಬರುವುದುಂಟು. ಆ ಅವಧಿಯ ಗೈರುಹಾಜರಿಗೆ ಕಾರಣ ಕೇಳದೆ ದಂಡಿಸುವ ಶಾಲೆ ಅವನನ್ನು ಹೊರಗೆ ತಳ್ಳಿದಂತೆ. ಹುಡುಗಿಗೆ ತಾಯಿ ತೀರಿದರೆ ಅಡುಗೆ, ನೀರು, ತಮ್ಮ-ತಂಗಿಯರು ಎಲ್ಲವೂ ಬರುತ್ತವೆ. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಮದುವೆ ಮಾಡಬೇಕು, ಇಲ್ಲವಾದರೆ ವರ್ಷಗಟ್ಟಲೆ ಕಾಯಬೇಕು ಎಂಬ ನಂಬಿಕೆ ಹಲವು ಕುಟುಂಬಗಳಲ್ಲಿದೆ. ‘ತಾಯಿ ಇಲ್ಲದ ಹುಡುಗಿ, ಜವಾಬ್ದಾರಿ ಮುಗಿಸಿಬಿಡೋಣ’ ಎಂಬ ಮಾತು ಅದಕ್ಕೆ ಸೇರಿದರೆ ಒಂಬತ್ತನೇ ತರಗತಿಯ ಬಾಲಕಿಯ ಮದುವೆ ಗೊತ್ತಾಗಿಬಿಡುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಕಾನೂನಿನ ನೆರವು ಸಕಾಲಕ್ಕೆ ಸಿಗಬೇಕಾದರೆ ಆ ವರ್ಷ ಆ ಹುಡುಗಿಯ ಮೇಲೆ ಶಾಲೆಯಲ್ಲಿ ಯಾರಾದರೂ ಒಬ್ಬರ ಕಣ್ಣಿರಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗಬೇಕಾದದ್ದು ಲಗ್ನಪತ್ರಿಕೆ ಅಚ್ಚಾಗುವ ಮೊದಲು.

ಶಾಲೆಯ ಕೆಲಸ ಶುರುವಾಗುವುದು ಸುದ್ದಿ ಬಂದ ಗಳಿಗೆಯಿಂದ. ವಸತಿ ಶಾಲೆ ಮತ್ತು ಹಾಸ್ಟೆಲುಗಳಲ್ಲಿ ಸಾಮಾನ್ಯವಾಗಿ ‘ನಿಮ್ಮ ಅಪ್ಪಗ ಆರಾಮಿಲ್ಲ, ಮನಿಗಿ ನಡಿ’ ಎಂದು ಸುಳ್ಳು ಹೇಳಿ ಕಳುಹಿಸುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬಸ್ಸಿನಲ್ಲಿ ಎರಡು ಗಂಟೆ ಪ್ರಾರ್ಥಿಸುತ್ತ ಹೋದ ಮಗು ಊರ ಅಗಸೆ ಬಾಗಿಲಲ್ಲಿ ಜನ ಸೇರಿದ್ದನ್ನು ನೋಡಿ ತಿಳಿದುಕೊಂಡಾಗ, ಸಾವಿನ ಜೊತೆಗೆ ಶಾಲೆಯ ಮೇಲಿನ ವಿಶ್ವಾಸವೂ ಹೋಗುತ್ತದೆ. ಮನೆಯವರನ್ನು ಕೇಳಿಕೊಂಡು, ಸಾಧ್ಯವಾದರೆ ಹತ್ತಿರದ ನೆಂಟರೊಬ್ಬರನ್ನು ಕರೆಸಿಕೊಂಡು, ಮಗುವಿಗೆ ಪರಿಚಯವಿರುವ ಶಿಕ್ಷಕರು ಒಂದು ಕಡೆ ಕೂರಿಸಿ ಸರಳ ಮಾತಿನಲ್ಲಿ ನಿಜ ಹೇಳಬೇಕು, ‘ತೀರಿಕೊಂಡರು’ ಎಂಬ ಪದವನ್ನು ನುಂಗದೆ. ಆಮೇಲೆ ಒಬ್ಬರು ಜೊತೆಗೆ ಊರಿನ ತನಕ ಹೋಗಬೇಕು. ವರ್ಗ ಶಿಕ್ಷಕರು ಮತ್ತು ಇಬ್ಬರು ಗೆಳೆಯರು ಮಣ್ಣಿಗೆ ಹೋಗುವುದು ಯಾವ ಸಮಾಲೋಚನೆಯ ಅವಧಿಗೂ ಕಡಿಮೆಯಲ್ಲ. ಮಕ್ಕಳು ಅದನ್ನು ಬಹುಕಾಲ ನೆನಪಿಟ್ಟುಕೊಳ್ಳುತ್ತಾರೆ.

ಮರಳಿ ಬರುವ ಮೊದಲ ದಿನಕ್ಕೂ ಸಿದ್ಧತೆ ಬೇಕು. ಹಿಂದಿನ ದಿನವೇ ಮಾತಾಡಿ, ‘ಕ್ಲಾಸಿನವರಿಗೆ ಏನು ಹೇಳಲಿ, ಏನು ಹೇಳದಿರಲಿ’ ಎಂದು ವಿದ್ಯಾರ್ಥಿಯನ್ನೇ ಕೇಳುವುದು ಒಳ್ಳೆಯದು. ಪ್ರಾರ್ಥನಾ ಸಭೆಯಲ್ಲಿ ಹೆಸರು ಹಿಡಿದು ಕರೆದು ಎಲ್ಲರಿಂದ ಸಂತಾಪ ಹೇಳಿಸುವ ಪದ್ಧತಿಯನ್ನು, ಮಗು ಬಯಸಿದರಷ್ಟೇ ಮಾಡಬೇಕು. ತಡೆಯಲಾಗದ ಹೊತ್ತಿನಲ್ಲಿ ಕಾರಣ ಹೇಳದೆ ತರಗತಿಯಿಂದ ಹೊರಗೆ ಹೋಗಿಬರಲು ಅನುಮತಿ, ಆ ಹೊತ್ತಿನಲ್ಲಿ ಹೋಗಿ ಕೂರಲು ಒಂದು ಜಾಗ, ಕೆಲವು ವಾರ ಮನೆಗೆಲಸದಲ್ಲಿ ರಿಯಾಯಿತಿ, ಬಿಟ್ಟುಹೋದ ಪಾಠಗಳಿಗೆ ಗೆಳೆಯರ ನೋಟ್ಸ್, ಇಷ್ಟನ್ನು ಮಾಡಲು ಯಾವ ಆದೇಶವೂ ಬೇಕಿಲ್ಲ. ಎಸ್ಸೆಸ್ಸೆಲ್ಸಿಗೆ ಬೇಕಾದ ಶೇ 75ರ ಹಾಜರಿ ಸಾವಿನ ಕಾರಣಕ್ಕೆ ಕೈತಪ್ಪುವಂತಿದ್ದರೆ ಮುಖ್ಯ ಗುರುಗಳು ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಗಮನಕ್ಕೆ ತರಬೇಕು. ಮಾರ್ಚ್ ತಿಂಗಳಲ್ಲೇ ಸಾವಾದರೆ, 2024ರಿಂದ ಜಾರಿಗೆ ಬಂದ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆಯಲ್ಲಿ ಎರಡನೇ ಪರೀಕ್ಷೆಯ ಅವಕಾಶವಿದೆ ಎಂಬುದನ್ನು ಮನೆಯವರಿಗೆ ತಿಳಿಸಬೇಕು. ‘ಈ ವರ್ಷ ಹೋಯಿತು’ ಎಂದು ಓದು ನಿಲ್ಲಿಸುವುದು ಅದರಿಂದ ತಪ್ಪುತ್ತದೆ. ಪ್ರಗತಿ ಪತ್ರಕ್ಕೆ ಅಪ್ಪನ ಸಹಿ ತರಲು ಹೇಳುವುದು, ಪಾಲಕರ ಸಭೆಗೆ ಯಾಕೆ ಯಾರೂ ಬಂದಿಲ್ಲ ಎಂದು ಎಲ್ಲರೆದುರು ಕೇಳುವುದು, ಇಂಥ ಮರೆವುಗಳು ಮಗುವಿಗೆ ಪ್ರತಿ ಸಲವೂ ಚುಚ್ಚುತ್ತವೆ. ಆದ್ದರಿಂದ ಯಾವ ತರಗತಿಯಲ್ಲಿ ಯಾರ ಮನೆಯಲ್ಲಿ ಸಾವಾಗಿದೆ ಎಂಬ ಒಂದು ಗೋಪ್ಯ ಟಿಪ್ಪಣಿ ಶಿಕ್ಷಕರ ವರ್ಗಾವಣೆಯ ನಂತರವೂ ಉಳಿದು, ಮುಂದಿನ ವರ್ಷದ ವರ್ಗ ಶಿಕ್ಷಕರ ಕೈಗೆ ಹೋಗಬೇಕು.

ಹಣದ ಪ್ರಶ್ನೆಯನ್ನು ದುಃಖದಿಂದ ಬೇರೆ ಮಾಡಿ ನೋಡುವುದು ಈ ಜಿಲ್ಲೆಗಳಲ್ಲಿ ಸಾಧ್ಯವೇ ಇಲ್ಲ. ಕೋವಿಡ್‌ನಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡವರಿಗೆ ಪಿಎಂ ಕೇರ್ಸ್ ಫಾರ್ ಚಿಲ್ಡ್ರನ್ ಯೋಜನೆ ಬಂತು. ಹಾವು ಕಚ್ಚಿ ಸತ್ತವರ, ಕಟ್ಟಡದಿಂದ ಬಿದ್ದು ಸತ್ತವರ ಮಕ್ಕಳಿಗೆ ಅದು ಸಿಗುವುದಿಲ್ಲ. ಅವರಿಗೆ ಇರುವುದು ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ: ತಾಯಿ ವಿಧವೆಯಾಗಿರುವ ಅಥವಾ ಅನಾಥರಾಗಿ ನೆಂಟರ ಮನೆಯಲ್ಲಿ ಬೆಳೆಯುತ್ತಿರುವ ಮಗುವಿಗೆ 18 ವರ್ಷದವರೆಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಭಾಗದಲ್ಲಿ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಗ್ಯಾರೇಜಿಗೆ ಹೊರಟಿರುವ ಹುಡುಗನಿಗೆ ಎಷ್ಟೇ ಸಾಂತ್ವನ ಹೇಳಿದರೂ ಈ ಅರ್ಜಿ ತುಂಬದಿದ್ದರೆ ಸಮಾಲೋಚನೆ ಅರ್ಧಕ್ಕೇ ನಿಂತಂತೆ ಎಂಬುದು ನನ್ನ ದೃಢ ಅಭಿಪ್ರಾಯ.

ಹಾಗಾದರೆ ಆಪ್ತ ಸಮಾಲೋಚಕರು ಕೋಣೆಯಲ್ಲಿ ಕುಳಿತು ಮಾಡುವುದೇನು? ಬುದ್ಧಿವಾದ ಹೇಳುವುದಂತೂ ಅಲ್ಲ. ಸಾವಾದ ಮರುದಿನವೇ ಎಲ್ಲರನ್ನೂ ಸೇರಿಸಿ ನಡೆದದ್ದನ್ನೆಲ್ಲ ಬಲವಂತವಾಗಿ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡವೆನ್ನುತ್ತದೆ. 2011ರ ಅದರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಗಮನಿಸಿ, ಆಲಿಸಿ, ಬೇಕಾದ ನೆರವಿಗೆ ಜೋಡಿಸಿ ಎಂಬ ಮೂರು ಹೆಜ್ಜೆಗಳನ್ನು ಹೇಳುತ್ತದೆ. ಮುಂದಿನ ವಾರಗಳಲ್ಲಿ ಮಗು ತನ್ನ ವೇಗದಲ್ಲಿ ಸಾವಿನ ಕಥೆಯನ್ನು ಹೇಳಿಕೊಳ್ಳುತ್ತದೆ, ತಪ್ಪಿತಸ್ಥ ಭಾವವನ್ನು ಬಾಯಿಬಿಟ್ಟು ಹೇಳಿ ನೋಡುತ್ತದೆ, ತೀರಿದವರ ಒಂದು ಅಂಗಿಯನ್ನೋ ಫೋಟೊವನ್ನೋ ಇಟ್ಟುಕೊಳ್ಳುವುದು ತಪ್ಪಲ್ಲ ಎಂದು ತಿಳಿದುಕೊಳ್ಳುತ್ತದೆ. ಮಾತಾಡಲು ಒಲ್ಲದವರು ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ, ಸುಮ್ಮನೆ ಕುಳಿತು ಹೋಗುತ್ತಾರೆ. ಒಂದೇ ಶಾಲೆಯಲ್ಲಿ ಅಥವಾ ಪಕ್ಕದ ಶಾಲೆಯಲ್ಲಿ ಇಂಥದ್ದೇ ನಷ್ಟ ಕಂಡ ಐದಾರು ಮಕ್ಕಳನ್ನು ಸೇರಿಸುವುದು ಈ ವಯಸ್ಸಿಗೆ ಬಹಳ ಹೊಂದುವ ಕ್ರಮ, ಏಕೆಂದರೆ ಅಲ್ಲಿ ಯಾರೂ ಬೇರೆಯಾಗಿ ಕಾಣುವುದಿಲ್ಲ.

ಇದೆಲ್ಲ ನಡೆಯಬೇಕಾದದ್ದು ಮಗುವಿನ ಮನೆಮಾತಿನಲ್ಲಿ. ತಾಂಡಾದ ಹುಡುಗಿ ಅಳುವುದು ಲಂಬಾಣಿಯಲ್ಲಿ. ಕಲಬುರಗಿ, ಬೀದರ್ ನಗರಗಳ ಅನೇಕ ಮಕ್ಕಳಿಗೆ ಉರ್ದು, ಆಳಂದ, ಬಸವಕಲ್ಯಾಣದ ಕಡೆ ಮರಾಠಿ, ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು. ಗ್ರಾಂಥಿಕ ಕನ್ನಡದಲ್ಲಿ ‘ನಿನ್ನ ಭಾವನೆಗಳನ್ನು ಹಂಚಿಕೊ’ ಎಂದರೆ ಮಗು ಪಾಠದ ಪ್ರಶ್ನೆಗೆ ಉತ್ತರಿಸುವಂತೆ ಉತ್ತರಿಸುತ್ತದೆ. ನಂಬಿಕೆಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಮನೆಯಲ್ಲಿ ಲಿಂಗೈಕ್ಯರಾದರು ಎನ್ನುತ್ತಾರೋ, ಅಲ್ಲಾಹನ ಇಚ್ಛೆ ಎನ್ನುತ್ತಾರೋ, ಅದನ್ನು ಸಮಾಲೋಚಕರು ಅಲ್ಲಗಳೆಯಬಾರದು, ತಮ್ಮದನ್ನು ಹೇರಲೂಬಾರದು. ಇನ್ನು ಗೋಪ್ಯತೆ. ಶಿಕ್ಷಕರೂ ಚಿಕ್ಕಪ್ಪನೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುವ ಊರಿನಲ್ಲಿ ಹೇಳಿದ ಮಾತು ಸಂಜೆಯೊಳಗೆ ಮನೆ ತಲುಪೀತು ಎಂಬ ಭಯ ನಿಜವಾದದ್ದು. ಏನನ್ನು ಯಾರಿಗೂ ಹೇಳುವುದಿಲ್ಲ, ಜೀವಕ್ಕೆ ಅಪಾಯ ಅಥವಾ ಲೈಂಗಿಕ ದೌರ್ಜನ್ಯದಂಥ ವಿಷಯಗಳಲ್ಲಿ ಯಾರಿಗೆ ಹೇಳಲೇಬೇಕಾಗುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಬೇಕು.

ಆತ್ಮಹತ್ಯೆಯಿಂದ ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಪೊಲೀಸ್ ಪಂಚನಾಮೆ, ಪರಿಹಾರಕ್ಕಾಗಿ ಸಾಲದ ದಾಖಲೆ, ಸುದ್ದಿವಾಹಿನಿಯ ಕ್ಯಾಮೆರಾ, ಊರಿನ ಪಿಸುಮಾತು ಎಲ್ಲದರ ನಡುವೆ ಮಗು ಮನೆಯಲ್ಲಿ ಬಾಯಿ ಕಟ್ಟಿಕೊಂಡಿರುತ್ತದೆ. ‘ಅಪ್ಪನ ಹತ್ತಿರ ಹೋಗಬೇಕು’ ಎನ್ನುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ತನ್ನಿಂದ ಎಲ್ಲರಿಗೂ ಹೊರೆ ಎನ್ನುವುದು, ಕುಡಿತ ಆರಂಭಿಸುವುದು ಕಂಡರೆ ‘ಸಾಯುವ ಯೋಚನೆ ಬರುತ್ತದೆಯೇ’ ಎಂದು ನೇರವಾಗಿ, ಮೆಲ್ಲಗೆ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿ ಕೀಟನಾಶಕದ ಡಬ್ಬಿಗಳನ್ನು ಕೈಗೆ ಸಿಗದಂತೆ ಇಡಿಸಬೇಕು, ಅಂದೇ ವೈದ್ಯರಿಗೆ ತೋರಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ; ಶಿಕ್ಷಕರೂ ಸಲಹೆಗಾಗಿ ಕರೆ ಮಾಡಬಹುದು.

ಕಾನೂನು ಈಗ ಶಾಲೆಗಳ ಮುಂದೆ ಸ್ಪಷ್ಟವಾದ ಹೊಣೆ ಇಟ್ಟಿದೆ. ಸುಕದೇಬ್ ಸಾಹಾ ಪ್ರಕರಣದಲ್ಲಿ 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನಗಳ ಪ್ರಕಾರ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಇದಕ್ಕೂ ಮೊದಲೇ, 2020ರ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಗುರುತಿಸಲು ಹೇಳಿತ್ತು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ, ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಒಂದನ್ನೊಂದು ಜೋಡಿಸುವ ಮನುಷ್ಯನೇ ಇಲ್ಲದಿದ್ದರೆ ಮಗು ಇವುಗಳಲ್ಲಿ ಒಂದನ್ನೂ ತಲುಪುವುದಿಲ್ಲ. ಗಣಿತ, ವಿಜ್ಞಾನದ ಹುದ್ದೆಯೇ ಖಾಲಿಯಿರುವ ಶಾಲೆಯಲ್ಲಿ ಇರುವ ಶಿಕ್ಷಕರ ಮೇಲೆಯೇ ಈ ಕೆಲಸವನ್ನೂ ಹೇರಿದರೆ ಅದು ಕಡತದಲ್ಲಷ್ಟೇ ನಡೆಯುತ್ತದೆ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಫಲವಾಗಿ ಈ ಭಾಗಕ್ಕೆ ತನ್ನದೇ ಅಭಿವೃದ್ಧಿ ಮಂಡಳಿಯಿದೆ; ಅದು ಅಕ್ಷರ ಆವಿಷ್ಕಾರದ ಹೆಸರಿನಲ್ಲಿ ಶಿಕ್ಷಣಕ್ಕೆ ಹಣ ಕೊಡುತ್ತಿದೆ. ಆ ಹಣದಲ್ಲಿ ಕೊಠಡಿಗಳ ಜೊತೆಗೆ ಸಮಾಲೋಚಕರ ಸಂಬಳಕ್ಕೂ ಪಾಲಿರಬೇಕು. ಗುಲ್ಬರ್ಗಾ ವಿಶ್ವವಿದ್ಯಾಲಯ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರ, ಸಮಾಜಕಾರ್ಯ ಓದಿ ಹೊರಬರುವ ಇಲ್ಲಿನ ಯುವಕ-ಯುವತಿಯರಿಗೆ ಈ ಮಕ್ಕಳ ಮಾತೂ ಗೊತ್ತು, ಮನೆಯೂ ಗೊತ್ತು. ಎಲ್ಲ ಪ್ರೌಢಶಾಲೆಗಳಿಗೂ ಒಮ್ಮೆಗೇ ಆಗದಿದ್ದರೆ ಮೊರಾರ್ಜಿ ದೇಸಾಯಿ ಮತ್ತು ಕಸ್ತೂರಬಾ ವಸತಿ ಶಾಲೆಗಳಿಂದ, ಹಾಸ್ಟೆಲುಗಳಿಂದ ಆರಂಭಿಸಿ, ಉಳಿದೆಡೆ ಮೂರು ನಾಲ್ಕು ಶಾಲೆಗಳಿಗೆ ಒಬ್ಬರಂತೆ ನೇಮಿಸಬಹುದು. ಆದರೆ ಅತಿಥಿ ಶಿಕ್ಷಕರ ಹಾಗೆ ಜೂನ್‌ನಲ್ಲಿ ತೆಗೆದುಕೊಂಡು ಮಾರ್ಚ್‌ನಲ್ಲಿ ಬಿಡುವ ಗುತ್ತಿಗೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ಎರಡನೇ ವರ್ಷದಲ್ಲಿ ಬಿಗಡಾಯಿಸುವ ದುಃಖಕ್ಕೆ ಹತ್ತು ತಿಂಗಳ ಸಮಾಲೋಚಕರು ಸಾಲುವುದಿಲ್ಲ. ಎಂಟನೇ ತರಗತಿಯಲ್ಲಿ ಮಗುವನ್ನು ಕಂಡವರು ಹತ್ತನೇ ತರಗತಿಯ ಕೊನೆಯ ಪರೀಕ್ಷೆ ಮುಗಿಯುವ ತನಕ ಅದೇ ಶಾಲೆಗೆ ಬರುವಂತೆ ನೇಮಕಾತಿ ಕನಿಷ್ಠ ಮೂರು ವರ್ಷದ್ದಾಗಿರಬೇಕು.